ಅಧ್ಯಕ್ಷರ ಸಹಿ, ಅಮೆರಿಕದ ಸರ್ಕಾರಿ ಶಾಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶಿಕ್ಷಣ ಇಲಾಖೆಯನ್ನೇ ಮುಚ್ಚಿಸುವ ಆದೇಶಕ್ಕೆ ಟ್ರಂಪ್ ಸಹಿ ಹಾಕಿದ್ದಾರೆ. ಮಗಳ ಮಕ್ಕಳು ನ್ಯೂಜೆರ್ಸಿಯ ಸರ್ಕಾರಿ ಶಾಲೆಯಲ್ಲಿ ಓದುತ್ತಿದ್ದಾರೆ. ಅವರ ಶಾಲೆಯ ಗತಿ ಏನಾಗುತ್ತದೆ?

ಉತ್ತರ: ಶಾಲೆ ಮುಚ್ಚುವುದಿಲ್ಲ. ಆ ಇಲಾಖೆ ಒಂದೇ ಒಂದು ಸರ್ಕಾರಿ ಶಾಲೆಯನ್ನೂ ನಡೆಸುತ್ತಿಲ್ಲ. ಅಮೆರಿಕದ ಸಂವಿಧಾನದಲ್ಲಿ ಶಿಕ್ಷಣ ಎಂಬ ಪದವೇ ಇಲ್ಲ. ಒಕ್ಕೂಟಕ್ಕೆ, ಅಂದರೆ ಕೇಂದ್ರ ಸರ್ಕಾರಕ್ಕೆ, ಕೊಡದೆ ಉಳಿದ ಅಧಿಕಾರವೆಲ್ಲ ರಾಜ್ಯಗಳದು ಅಥವಾ ಜನರದು ಎಂದು 1791ರ ಹತ್ತನೇ ತಿದ್ದುಪಡಿ ಹೇಳುತ್ತದೆ. ಹಾಗಾಗಿ ಶಾಲೆ ರಾಜ್ಯದ ಹೊಣೆ. ದಿನನಿತ್ಯದ ಆಡಳಿತವನ್ನು ನೋಡಿಕೊಳ್ಳುವುದು ದೇಶದ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳು, ಅಂದರೆ ಸ್ಥಳೀಯ ಶಾಲಾ ಆಡಳಿತ ಘಟಕಗಳು. ಪಠ್ಯಕ್ರಮದಲ್ಲಿ ಕೈಹಾಕಬಾರದು ಎಂದು ಈ ಇಲಾಖೆಯನ್ನು ಹುಟ್ಟುಹಾಕಿದ ಕಾನೂನೇ ಅದಕ್ಕೆ ಕಟ್ಟುಹಾಕಿದೆ.

ಹಣದ ಲೆಕ್ಕವೂ ಹೀಗೇ ಇದೆ. ಸಾಮಾನ್ಯ ವರ್ಷಗಳಲ್ಲಿ ಶಾಲೆಗೆ ತಗಲುವ ನೂರು ಡಾಲರ್‌ನಲ್ಲಿ ಎಂಟರಿಂದ ಹತ್ತು ಡಾಲರ್ ಮಾತ್ರ ವಾಷಿಂಗ್ಟನ್‌ನಿಂದ ಬರುತ್ತದೆ. ಉಳಿದದ್ದನ್ನು ರಾಜ್ಯದ ಬೊಕ್ಕಸವೂ ಸ್ಥಳೀಯ ತೆರಿಗೆಯೂ, ಅದರಲ್ಲೂ ಮನೆಮಾಲೀಕರು ಕಟ್ಟುವ ಆಸ್ತಿ ತೆರಿಗೆ, ಹೆಚ್ಚುಕಡಿಮೆ ಸಮವಾಗಿ ಹೊರುತ್ತವೆ.

ಆದರೆ ಈ ಹತ್ತು ಡಾಲರ್ ಎಲ್ಲ ಕಡೆ ಒಂದೇ ಸಮನೆ ಬೀಳುವುದಿಲ್ಲ. ಟೈಟಲ್ ಒನ್ ಎಂಬ ನೆರವು 1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಮಾಡಿದ ಕಾನೂನಿನಿಂದ ಬಂದದ್ದು. ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್‌ನ ಈ ಹಣ ಬಡ ಕುಟುಂಬಗಳ ಮಕ್ಕಳು ಹೆಚ್ಚಿರುವ ಶಾಲೆಗಳಿಗೆ ಹೋಗುತ್ತದೆ. ಅಂಗವೈಕಲ್ಯವುಳ್ಳ ಮಕ್ಕಳ ಶಿಕ್ಷಣಕ್ಕೆ 1975ರ ಕಾನೂನಿನ ಅಡಿಯಲ್ಲಿ ಮತ್ತೊಂದು ದೊಡ್ಡ ಮೊತ್ತ ಸಲ್ಲುತ್ತದೆ. ಅಲ್ಲಿ ಹೆಚ್ಚುವರಿ ಖರ್ಚಿನ 40% ವರೆಗೆ ಕೊಡುತ್ತೇವೆಂದು ಒಕ್ಕೂಟ ಒಪ್ಪಿಕೊಂಡಿತ್ತು. ಅರ್ಧ ಶತಮಾನದಲ್ಲಿ ಯಾವ ಪಕ್ಷದ ಸರ್ಕಾರವೂ ಆ ಮಟ್ಟವನ್ನು ಮುಟ್ಟಿಲ್ಲ. ವಾಷಿಂಗ್ಟನ್‌ನ ಹಣ ನಿಂತರೆ ಅನುಕೂಲವಂತರ ಊರಿನ ಶಾಲೆಗೆ ಅಷ್ಟಾಗಿ ಗೊತ್ತಾಗಲಿಕ್ಕಿಲ್ಲ. ಬಡ ಊರಿನ ಶಾಲೆಯಲ್ಲಿ ಓದು ಹಿಂದುಳಿದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಶಿಕ್ಷಕಿಯ ಕೆಲಸವೇ ಹೋಗಬಹುದು.

ಇನ್ನು ಮುಚ್ಚುವ ಮಾತು. 1979ರ ಅಕ್ಟೋಬರ್‌ನಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಹುಟ್ಟಿದ ಇಲಾಖೆ ಇದು. ಮರುವರ್ಷದ ಚುನಾವಣೆಯಲ್ಲೇ ರೊನಾಲ್ಡ್ ರೇಗನ್ ಇದನ್ನು ರದ್ದುಮಾಡುವ ಭರವಸೆ ಕೊಟ್ಟಿದ್ದರು. ಎಂಟು ವರ್ಷ ಆಳಿದರೂ ಆಗಲಿಲ್ಲ. ಕಾನೂನಿನಿಂದ ಹುಟ್ಟಿದ್ದನ್ನು ಕಾನೂನಿನಿಂದಲೇ ತೆಗೆಯಬೇಕು, ಅದಕ್ಕೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಸದಸ್ಯರ ಒಪ್ಪಿಗೆ ಬೇಕು. 2025ರ ಮಾರ್ಚ್ 20ರ ಆದೇಶ ಕೂಡ ‘ಕಾನೂನು ಅನುಮತಿಸುವ ಮಟ್ಟಿಗೆ’ ಎಂಬ ಮಿತಿಯನ್ನು ಇಟ್ಟುಕೊಂಡೇ ಬರೆದದ್ದು.

ಹಾಗೆಂದು ಏನೂ ಆಗಿಲ್ಲ ಎನ್ನುವಂತಿಲ್ಲ. ಆದೇಶಕ್ಕೆ ಒಂಬತ್ತು ದಿನ ಮೊದಲೇ, ಸುಮಾರು 4,100 ಇದ್ದ ಸಿಬ್ಬಂದಿಯನ್ನು ಅರ್ಧಕ್ಕೆ ಇಳಿಸುವ ಘೋಷಣೆ ಹೊರಬಿತ್ತು. ಕೆಳ ನ್ಯಾಯಾಲಯ ಅದನ್ನು ತಡೆಯಿತು. ಜುಲೈ 14ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆರವು ಮಾಡಿ, ಮೊಕದ್ದಮೆ ನಡೆಯುತ್ತಿರುವಾಗಲೇ ಕಡಿತಕ್ಕೆ ದಾರಿ ಬಿಟ್ಟಿತು. ಇದರ ಪೆಟ್ಟು ಹೆಚ್ಚು ಬಿದ್ದದ್ದು ತಾರತಮ್ಯದ ದೂರುಗಳನ್ನು ವಿಚಾರಿಸುವ ನಾಗರಿಕ ಹಕ್ಕುಗಳ ಕಚೇರಿಗೆ. ಅದರ 12 ಪ್ರಾದೇಶಿಕ ಕಚೇರಿಗಳಲ್ಲಿ 7ಕ್ಕೆ ಬೀಗ ಬಿತ್ತು. ಇಲಾಖೆಯ ಹೆಸರು ಕಾಗದದ ಮೇಲೆ ಉಳಿಯಿತು, ದೂರು ಓದುವ ಕೈಗಳು ಕಡಿಮೆಯಾದವು. ನಮಗೆ ಹೆಚ್ಚು ಚಿಂತೆಯಾಗುವುದು ಇದರ ಬಗ್ಗೆ.

ಒಂದು ಸಣ್ಣ ತಿದ್ದುಪಡಿ: ಶಾಲೆಯ ಮಧ್ಯಾಹ್ನದ ಊಟ ನಿಲ್ಲುತ್ತದೆ ಎಂದು ಹಲವರು ಹೆದರಿದ್ದಾರೆ. ಆ ಊಟದ ಯೋಜನೆ ಕೃಷಿ ಇಲಾಖೆಯದು. ಪುಟ್ಟ ಮಕ್ಕಳ ಹೆಡ್ ಸ್ಟಾರ್ಟ್ ಯೋಜನೆ ಆರೋಗ್ಯ ಇಲಾಖೆಯದು.

ಪ್ರಶ್ನೆ: ಕಾಂಗ್ರೆಸ್ ಮಂಜೂರು ಮಾಡಿದ ಶಾಲಾ ಹಣವನ್ನು ಅಧ್ಯಕ್ಷರು ತಡೆಹಿಡಿಯಬಹುದೇ? ಬೈಡನ್ ವಿದ್ಯಾರ್ಥಿಗಳ ಸಾಲ ಮನ್ನಾ ಮಾಡಹೊರಟಾಗ ಸುಮ್ಮನಿದ್ದವರು ಈಗೇಕೆ ಕೂಗಾಡುತ್ತಾರೆ ಎಂದು ಗೆಳೆಯರೊಬ್ಬರು ಕೇಳುತ್ತಾರೆ. ನನಗೆ ಉತ್ತರ ಹೊಳೆಯುವುದಿಲ್ಲ.

ಉತ್ತರ: ನಿಮ್ಮ ಗೆಳೆಯರು ಕೇಳಿದ್ದರಲ್ಲಿ ನ್ಯಾಯವಿದೆ. ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕು. ಬೊಕ್ಕಸದ ಕೀಲಿಕೈಯನ್ನು ಸಂವಿಧಾನ ಕೊಟ್ಟಿರುವುದು ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಸಂಸತ್ತಿಗೆ. ಅದು ಕೊಡು ಎನ್ನದ ಹಣವನ್ನು ಅಧ್ಯಕ್ಷರು ಕೊಡುವುದೂ, ಕೊಡು ಎಂದ ಹಣವನ್ನು ತಡೆಯುವುದೂ ಒಂದೇ ಗೆರೆಯನ್ನು ಎರಡು ಕಡೆಯಿಂದ ದಾಟಿದ ಹಾಗೆ.

ಬೈಡನ್ 2022ರಲ್ಲಿ ಪ್ರಕಟಿಸಿದ ಯೋಜನೆಯ ಮೊತ್ತ ಸುಮಾರು 40,000 ಕೋಟಿ ಡಾಲರ್. ಆಧಾರವಾಗಿ ತೋರಿಸಿದ್ದು ತುರ್ತು ಪರಿಸ್ಥಿತಿಯಲ್ಲಿ ಸಾಲದ ನಿಯಮ ಸಡಿಲಿಸಲು ಅವಕಾಶ ಕೊಟ್ಟ 2003ರ ಒಂದು ಕಾನೂನು. ಸಡಿಲಿಸುವುದು ಬೇರೆ, ಇಷ್ಟು ದೊಡ್ಡ ಪ್ರಮಾಣದಲ್ಲಿ ಸಾಲವನ್ನೇ ಅಳಿಸಿಹಾಕುವುದು ಬೇರೆ ಎಂದು 2023ರ ಜೂನ್ 30ರಂದು ಸುಪ್ರೀಂ ಕೋರ್ಟ್ 6–3 ಮತಗಳಿಂದ ಅದನ್ನು ತಳ್ಳಿಹಾಕಿತು.

ಟ್ರಂಪ್ ಆಡಳಿತ 2025ರ ಜುಲೈ 1ರಂದು ಬಿಡುಗಡೆ ಆಗಬೇಕಿದ್ದ ಸುಮಾರು 680 ಕೋಟಿ ಡಾಲರ್ ಶಾಲಾ ಹಣವನ್ನು ಪರಿಶೀಲನೆಯ ಹೆಸರಿನಲ್ಲಿ ತಡೆಯಿತು. ಶಾಲೆಯ ಅವಧಿ ಮುಗಿದ ಮೇಲಿನ ತರಗತಿಗಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳ ಪಾಠ, ಶಿಕ್ಷಕರ ತರಬೇತಿ, ವಯಸ್ಕರ ಶಿಕ್ಷಣ ಎಲ್ಲಕ್ಕೂ ಸೇರಿದ ಹಣ ಅದು. ಬಹುತೇಕ ಡಿಸ್ಟ್ರಿಕ್ಟ್‌ಗಳ ಆರ್ಥಿಕ ವರ್ಷ ಶುರುವಾಗುವುದೂ ಆ ದಿನವೇ. ಅಷ್ಟರಲ್ಲಿ ಬಜೆಟ್ ಒಪ್ಪಿಗೆಯಾಗಿ, ನೇಮಕದ ಕರಾರುಗಳಿಗೆ ಸಹಿ ಬಿದ್ದಿರುತ್ತದೆ. ಹಣ ಕೊನೆಗೆ ಬಂದರೂ ಒಂದು ತಿಂಗಳ ಅನಿಶ್ಚಿತತೆಯೇ ಸಾಕು, ಕೆಲಸಕ್ಕೆ ಒಪ್ಪಿಕೊಂಡವರು ಬೇರೆ ಕಡೆ ಹೊರಟುಬಿಡುತ್ತಾರೆ. ಹಲವು ರಾಜ್ಯಗಳು ಕೋರ್ಟಿಗೆ ಹೋದವು, ಅಧ್ಯಕ್ಷರ ಸ್ವಂತ ಪಕ್ಷದ ಹತ್ತು ಸೆನೆಟರ್‌ಗಳೇ ಬಿಡುಗಡೆ ಕೋರಿ ಪತ್ರ ಬರೆದರು. ಜುಲೈ ಕೊನೆಯ ವಾರ ಹಣ ಬಿಡುಗಡೆಯಾಯಿತು.

ಇಂಥ ತಡೆಗೆಂದೇ 1974ರ ಒಂದು ಕಾನೂನಿದೆ. ಅಧ್ಯಕ್ಷ ನಿಕ್ಸನ್ ಮನಸ್ಸಿಗೆ ಬಾರದ ಯೋಜನೆಗಳ ಹಣ ಹಿಡಿದಿಟ್ಟಾಗ ಬಂದದ್ದು. ಹಣ ಬೇಡವೆನಿಸಿದರೆ ಅಧ್ಯಕ್ಷರು ಕಾಂಗ್ರೆಸ್‌ಗೆ ಲಿಖಿತ ಪ್ರಸ್ತಾವ ಕಳಿಸಬೇಕು. ಕಲಾಪದ 45 ದಿನಗಳೊಳಗೆ ಕಾಂಗ್ರೆಸ್ ಒಪ್ಪದಿದ್ದರೆ ಹಣ ಬಿಡಲೇಬೇಕು. ನೀತಿ ಹಿಡಿಸಲಿಲ್ಲ ಎಂಬ ಕಾರಣಕ್ಕೆ ಮುಂದೂಡುವಂತಿಲ್ಲ. ಗೆಳೆಯರೊಡನೆ ವಾದ ಮಾಡುವಾಗ ಈ ಮೂರು ಪ್ರಶ್ನೆ ಇಟ್ಟುಕೊಳ್ಳಿ: ಯಾವ ಕಾನೂನು ಅನುಮತಿ ಕೊಟ್ಟಿದೆ, ಪ್ರಸ್ತಾವ ಹೋಯಿತೇ, ಗಡುವು ಮುಗಿಯಿತೇ. ಅಧ್ಯಕ್ಷರ ಹೆಸರನ್ನು ಮುಚ್ಚಿಟ್ಟು ಕೇಳಿದರೂ ಉತ್ತರ ಅದೇ ಬರಬೇಕು.

ಪ್ರಶ್ನೆ: ಹಾಗಾದರೆ ಅಧ್ಯಕ್ಷರು ಶಾಲೆಯ ವಿಷಯದಲ್ಲಿ ಕೈಕಟ್ಟಿ ಕೂರಬೇಕೇ?

ಉತ್ತರ: ಇಲ್ಲ. 1957ರ ಸೆಪ್ಟೆಂಬರ್‌ನಲ್ಲಿ ಅರ್ಕಾನ್ಸಸ್‌ನ ಲಿಟ್ಲ್ ರಾಕ್‌ನಲ್ಲಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನು ಹೈಸ್ಕೂಲಿಗೆ ಬಿಡದಂತೆ ಗವರ್ನರ್ ಆರ್ವಲ್ ಫಾಬಸ್ ರಾಜ್ಯದ ಪಡೆಯನ್ನು ನಿಲ್ಲಿಸಿದರು. ಅಧ್ಯಕ್ಷ ಐಸೆನ್‌ಹೋವರ್ ಸೇನೆಯ 101ನೇ ಏರ್‌ಬೋರ್ನ್ (ಪ್ಯಾರಾಟ್ರೂಪರ್) ಡಿವಿಷನ್ನಿನ ಸೈನಿಕರನ್ನೇ ಕಳಿಸಿ ಮಕ್ಕಳನ್ನು ಒಳಗೆ ಕರೆದೊಯ್ಯಿಸಿದರು. ಅದು ಅಧ್ಯಕ್ಷಾಧಿಕಾರದ ಅತಿ ಗಟ್ಟಿ ಪ್ರಯೋಗಗಳಲ್ಲಿ ಒಂದು. ಆದರೆ ಅವರ ಬೆನ್ನಿಗೆ ನ್ಯಾಯಾಲಯದ ಆದೇಶವಿತ್ತು, ಅದರ ಹಿಂದೆ ಶಾಲೆಗಳಲ್ಲಿ ವರ್ಣಭೇದ ಸಲ್ಲದು ಎಂದ 1954ರ ತೀರ್ಪಿತ್ತು. ಕಾನೂನನ್ನು ಜಾರಿ ಮಾಡುವ ಅಧ್ಯಕ್ಷನ ಕೈ ಉದ್ದ, ಇಲ್ಲದ ಕಾನೂನನ್ನು ಬರೆಯಹೊರಟವನ ಕೈ ಗಿಡ್ಡ.

ಪ್ರಶ್ನೆ: ಅಧ್ಯಕ್ಷರ ನಡತೆ ಹಿಡಿಸದಿದ್ದರೆ ವಾಗ್ದಂಡನೆ ಇದೆಯಲ್ಲ. ಎರಡು ಸಲ ವಾಗ್ದಂಡನೆಯಾದ ಟ್ರಂಪ್ ಮತ್ತೆ ಹೇಗೆ ಗೆದ್ದರು?

ಉತ್ತರ: ವಾಗ್ದಂಡನೆ ಎಂದರೆ ಪದಚ್ಯುತಿ ಅಲ್ಲ, ಆರೋಪಪಟ್ಟಿ. ಕೆಳಮನೆಯಾದ ಪ್ರತಿನಿಧಿ ಸಭೆಯ 435 ಸದಸ್ಯರಲ್ಲಿ ಸರಳ ಬಹುಮತ ಸಾಕು. ವಿಚಾರಣೆ ನಡೆಯುವುದು ಸೆನೆಟ್‌ನಲ್ಲಿ, ಅಲ್ಲಿ ತಪ್ಪಿತಸ್ಥನೆನ್ನಲು ಮೂರನೇ ಎರಡರಷ್ಟು, ಅಂದರೆ ನೂರೂ ಮಂದಿ ಹಾಜರಿದ್ದರೆ 67 ಮತ ಬೇಕು. 1868ರಲ್ಲಿ ಆಂಡ್ರ್ಯೂ ಜಾನ್ಸನ್ ಒಂದೇ ಮತದಿಂದ ಉಳಿದುಕೊಂಡರು. ಕ್ಲಿಂಟನ್ 1999ರಲ್ಲಿ, ಟ್ರಂಪ್ 2020ರಲ್ಲೂ 2021ರಲ್ಲೂ ಖುಲಾಸೆಯಾದರು. 2021ರಲ್ಲಿ ಮತ 57–43, ಇನ್ನೂ ಹತ್ತು ಬೇಕಿತ್ತು. ಸೆನೆಟ್ ಇಂದಿನವರೆಗೆ ಯಾವ ಅಧ್ಯಕ್ಷರನ್ನೂ ಕೆಳಗಿಳಿಸಿಲ್ಲ. ನಿಕ್ಸನ್ 1974ರಲ್ಲಿ ತಾವೇ ರಾಜೀನಾಮೆ ಕೊಟ್ಟರು. ಶಿಕ್ಷಣದ ವಿಷಯಕ್ಕೆ ಯಾವ ಅಧ್ಯಕ್ಷರ ಮೇಲೂ ವಾಗ್ದಂಡನೆ ಆಗಿಲ್ಲ. ಆ ಜಗಳಗಳೆಲ್ಲ ನ್ಯಾಯಾಲಯದಲ್ಲೋ ಬಜೆಟ್ ಮತದಾನದಲ್ಲೋ ತೀರುತ್ತವೆ.

ಪ್ರಶ್ನೆ: ಅಧ್ಯಕ್ಷರು ಶಾಲಾ ಮಕ್ಕಳನ್ನು ಉದ್ದೇಶಿಸಿ ಮಾತಾಡುವುದು ಪ್ರಚಾರವಲ್ಲವೇ?

ಉತ್ತರ: ಎರಡು ಪಕ್ಷದವರೂ ಸರದಿಯಂತೆ ಈ ಆಕ್ಷೇಪ ಎತ್ತಿದ್ದಾರೆ. 1991ರ ಅಕ್ಟೋಬರ್‌ನಲ್ಲಿ ಹಿರಿಯ ಬುಷ್ ವಾಷಿಂಗ್ಟನ್‌ನ ಶಾಲೆಯೊಂದರಿಂದ ಮಾತಾಡಿದಾಗ ಡೆಮಾಕ್ರಟರು ಸರ್ಕಾರಿ ಹಣದಲ್ಲಿ ಪ್ರಚಾರ ಎಂದರು. 2009ರ ಸೆಪ್ಟೆಂಬರ್ 8ರಂದು ಒಬಾಮ ವರ್ಜೀನಿಯಾದ ಆರ್ಲಿಂಗ್ಟನ್‌ನಿಂದ ಮಾತಾಡಿದಾಗ ರಿಪಬ್ಲಿಕನ್ನರು ಸಿಡಿದೆದ್ದರು. ಮಾತಿನ ತಿರುಳು ಎರಡರಲ್ಲೂ ಒಂದೇ: ಚೆನ್ನಾಗಿ ಓದಿ. 2009ರಲ್ಲಿ ನಿಜಕ್ಕೂ ಎಡವಟ್ಟಾದದ್ದು ಭಾಷಣದಲ್ಲಲ್ಲ, ಜೊತೆಗೆ ಇಲಾಖೆ ಕಳಿಸಿದ ಪಾಠದ ಸೂಚನೆಯಲ್ಲಿ. ಅಧ್ಯಕ್ಷರಿಗೆ ನೆರವಾಗಲು ನೀವೇನು ಮಾಡಬಲ್ಲಿರಿ ಎಂದು ಮಕ್ಕಳಿಂದ ಬರೆಸಿ ಎಂಬ ಸಾಲು ಅದರಲ್ಲಿತ್ತು. ಆಕ್ಷೇಪ ಬಂದ ಮೇಲೆ ಅದನ್ನು ತಿದ್ದಿದರು, ಭಾಷಣದ ಪಠ್ಯವನ್ನು ಹಿಂದಿನ ದಿನವೇ ಪ್ರಕಟಿಸಿದರು. ಮಕ್ಕಳು ಅಧ್ಯಕ್ಷರ ಮಾತು ಕೇಳಬಹುದು, ಅಧ್ಯಕ್ಷರ ಕೆಲಸಗಾರರಾಗಬೇಕಿಲ್ಲ.

ಪ್ರಶ್ನೆ: ನನ್ನ ತಂಗಿ ಟೆಕ್ಸಸ್‌ನಲ್ಲಿ ಶಿಕ್ಷಕಿ. ಅಧ್ಯಕ್ಷರನ್ನು ಟೀಕಿಸಿದರೆ ಕೆಲಸ ಹೋಗುತ್ತದೆಯೇ?

ಉತ್ತರ: ಎಲ್ಲಿ, ಯಾವ ಹೊತ್ತಿನಲ್ಲಿ ಹೇಳಿದರು ಎಂಬುದನ್ನು ನೋಡುತ್ತಾರೆ. ತರಗತಿಯಲ್ಲಿ ಆಡುವ ಮಾತು ಸಂಬಳಕ್ಕೆ ಸೇರಿದ ಕೆಲಸ, ಅದನ್ನು ಸ್ಕೂಲ್ ಬೋರ್ಡ್ (ಡಿಸ್ಟ್ರಿಕ್ಟ್‌ನ ಆಡಳಿತ ಮಂಡಳಿ) ನಿಯಂತ್ರಿಸಬಹುದು ಎಂದೇ ಬಹುತೇಕ ನ್ಯಾಯಾಲಯಗಳು ಹೇಳಿವೆ. ಸಂಜೆ ಮನೆಯಲ್ಲಿ ಕೂತು ಪತ್ರಿಕೆಗೆ ಬರೆದರೆ ಅದು ನಾಗರಿಕಳ ಮಾತು. ಸುಪ್ರೀಂ ಕೋರ್ಟಿನ 1968ರ ಪಿಕರಿಂಗ್ ತೀರ್ಪು ಶಿಕ್ಷಕರ ಆ ಹಕ್ಕನ್ನು ಎತ್ತಿಹಿಡಿದಿದೆ. ಆದರೆ ಶಾಲೆಯ ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು ಎಂಬುದನ್ನೂ ತೂಗುತ್ತಾರೆ. ಶಾಲೆಯ ಇಮೇಲ್, ಶಾಲೆಯ ಲ್ಯಾಪ್‌ಟಾಪ್, ಶಾಲೆಯ ಹೆಸರು ಹಾಕಿದ ಟೀಶರ್ಟ್ ಇವನ್ನೆಲ್ಲ ದೂರವಿಡಲಿ. ಹೆಚ್ಚಿನವರು ಸಿಕ್ಕಿಬೀಳುವುದು ಅಲ್ಲೇ.

ಮಕ್ಕಳಿಗೆ ಇದಕ್ಕಿಂತ ಹೆಚ್ಚು ಸ್ವಾತಂತ್ರ್ಯವಿದೆ. ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿದ ಅಯೋವಾದ ವಿದ್ಯಾರ್ಥಿಗಳ ಪರ 1969ರಲ್ಲಿ ತೀರ್ಪು ಬಂತು. ಧ್ವಜವಂದನೆಗೆ ಒತ್ತಾಯಿಸುವಂತಿಲ್ಲ ಎಂಬುದು 1943ರದು. ಇವೆರಡೂ ಸರ್ಕಾರಿ ಶಾಲೆಗೆ ಮಾತ್ರ. ಖಾಸಗಿ ಶಾಲೆಗೆ ಈ ಸಾಂವಿಧಾನಿಕ ಕಟ್ಟು ಅನ್ವಯಿಸದು.

ಪ್ರಶ್ನೆ: ನಾವು ವೀಸಾದ ಮೇಲಿದ್ದೇವೆ. ಶಾಲೆಯ ತೀರ್ಮಾನದ ಬಗ್ಗೆ ದನಿ ಎತ್ತಬಹುದೇ? ಹೇಗೆ?

ಉತ್ತರ: ಖಂಡಿತ. ವಲಸೆಯ ಸ್ಥಿತಿ ನೋಡಿ ಸರ್ಕಾರಿ ಶಾಲೆಯಿಂದ ಮಗುವನ್ನು ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ 1982ರ ಪ್ಲೈಲರ್ ತೀರ್ಪು ಹೇಳಿದೆ. ಬೋರ್ಡ್ ಸಭೆಯಲ್ಲಿ ಮಾತಾಡಲು ಸಾಮಾನ್ಯವಾಗಿ ಪೌರತ್ವ ಕೇಳುವುದಿಲ್ಲ, ಆ ಡಿಸ್ಟ್ರಿಕ್ಟ್‌ನ ನಿವಾಸಿ ಅಥವಾ ಪೋಷಕರಾಗಿದ್ದರೆ ಸಾಕು. ಮತದಾನ ಬೇರೆ ವಿಷಯ: ಪೌರತ್ವವಿಲ್ಲದವರು ಒಕ್ಕೂಟದ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ, ಗಡೀಪಾರಿಗೂ ಕಾರಣವಾಗುತ್ತದೆ. ಡ್ರೈವಿಂಗ್ ಲೈಸೆನ್ಸ್ ಕೌಂಟರಿನಲ್ಲಿ ಮತದಾರರ ನೋಂದಣಿ ಅರ್ಜಿ ಮುಂದಿಟ್ಟರೆ ಓದದೆ ಸಹಿ ಹಾಕಬೇಡಿ.

ಮೊದಲು ಡಿಸ್ಟ್ರಿಕ್ಟ್‌ನ ಜಾಲತಾಣದಲ್ಲಿ ಸಭೆಯ ಕಾರ್ಯಸೂಚಿ ತೆಗೆದು ನಿಮ್ಮ ವಿಷಯ ಇದೆಯೇ ನೋಡಿ. ಪಟ್ಟಿಯಲ್ಲಿ ಇಲ್ಲದ್ದನ್ನು ನೀವು ಎತ್ತಿದರೆ, ಸಭೆಗಳು ಸಾರ್ವಜನಿಕವಾಗಿ, ಮೊದಲೇ ಪ್ರಕಟಿಸಿದ ಕಾರ್ಯಸೂಚಿಯಂತೆ ನಡೆಯಬೇಕೆಂಬ ಕಾನೂನಿನಿಂದಾಗಿ ಸದಸ್ಯರು ಹೆಚ್ಚಾಗಿ ಉತ್ತರಿಸುವುದಿಲ್ಲ, ಕೇಳಿಸಿಕೊಳ್ಳುತ್ತಾರೆ ಅಷ್ಟೆ. ಅದನ್ನು ಅವಮಾನವೆಂದು ತಿಳಿದು ಕೂಗಾಡಿದವರು ಬೇಕಾದಷ್ಟು ಮಂದಿ. ಹೆಸರು ಮೊದಲೇ ಬರೆಸಬೇಕಾಗುತ್ತದೆ. ಸಿಗುವುದು ಎರಡು ಅಥವಾ ಮೂರು ನಿಮಿಷ. ಮನೆಯಲ್ಲಿ ಗಡಿಯಾರ ಇಟ್ಟು ಓದಿ ನೋಡಿ. ಅಧ್ಯಕ್ಷರನ್ನು ಬೈಯಲೋ ಹೊಗಳಲೋ ಆ ನಿಮಿಷಗಳನ್ನು ಕಳೆಯಬೇಡಿ, ಬೋರ್ಡ್ ಅವರನ್ನು ಬದಲಿಸಲಾರದು. ಬೋರ್ಡಿನ ಕೈಯಲ್ಲಿರುವ ಒಂದು ತೀರ್ಮಾನವನ್ನು ಹೆಸರಿಸಿ ಕೇಳಿ: ಈ ಹುದ್ದೆ ಉಳಿಸಿ, ಈ ಪುಸ್ತಕವನ್ನು ಮರಳಿ ಪರಿಶೀಲಿಸಿ, ಈ ತರಗತಿಗೆ ಇಷ್ಟು ಹಣ ಇಡಿ. ಅದೇ ಮಾತನ್ನು ಬರವಣಿಗೆಯಲ್ಲೂ ಕಳಿಸಿ.

ಮಗುವಿನ ದಾಖಲೆ ಬೇಕಿದ್ದರೆ 1974ರ ಕಾನೂನಿನ ಪ್ರಕಾರ 45 ದಿನಗಳೊಳಗೆ ಶಾಲೆ ತೋರಿಸಬೇಕು. ಡಿಸ್ಟ್ರಿಕ್ಟ್‌ನ ಬೇರೆ ಕಾಗದಪತ್ರಗಳಿಗೆ ಒಕ್ಕೂಟದ ಮಾಹಿತಿ ಕಾನೂನಿನಡಿ ಅರ್ಜಿ ಹಾಕಿದರೆ ವಾಪಸು ಬರುತ್ತದೆ, ರಾಜ್ಯದ ಕಾನೂನನ್ನೇ ಹೆಸರಿಸಬೇಕು. ಜನಾಂಗ, ಮೂಲದೇಶ, ಲಿಂಗ ಅಥವಾ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯವಾಗಿದ್ದರೆ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಲು ಘಟನೆಯಿಂದ 180 ದಿನ ಮಾತ್ರ ಇದೆ. ಸಿಬ್ಬಂದಿ ಕಡಿಮೆಯಾಗಿರುವುದರಿಂದ ಉತ್ತರ ತಡವಾಗಬಹುದು, ಗಡುವು ಮಾತ್ರ ನಿಮಗಾಗಿ ಕಾಯುವುದಿಲ್ಲ. ಘಟನೆ ನಡೆದ ದಿನಾಂಕವನ್ನು ಇವತ್ತೇ ಬರೆದಿಟ್ಟುಕೊಳ್ಳಿ.