ಬಲೆ ಬೇಲಿಗೆ ಹಾವು ಸಿಕ್ಕಿಕೊಂಡರೆ: ಕತ್ತರಿ ಬೇಡ, ಮೊದಲು ನೆರಳು ಮಾಡಿ

ಅಣ್ಣ, ತರಕಾರಿ ಹಿತ್ತಲಿಗೆ ನವಿಲು, ಕೋಳಿ ಬರಬಾರದೆಂದು ಕಟ್ಟಿದ ಹಳೆ ಮೀನುಬಲೆಯಲ್ಲಿ ಮಾರುದ್ದದ ಹಾವು ಸಿಕ್ಕಿದೆ, ಕೇರೆ ಇರಬೇಕು, ಕತ್ತರಿಸಿ ಬಿಡಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ನೀವು ಕತ್ತರಿಸಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಈಗಲೇ ಫೋನ್ ಮಾಡಿ, ನಿಮ್ಮ ಕಡೆಯ ಗಾರ್ಡ್ ನಂಬರ್ ಇದ್ದರೆ ಅವರಿಗೂ ಹೇಳಿ.

ಕೇರೆ ಎಂದು ನಂಬಿ ಹತ್ತಿರ ಹೋಗುವುದೇ ದೊಡ್ಡ ತಪ್ಪು. ಕುತ್ತಿಗೆ ಬಲೆಯೊಳಗೆ ಬಿಗಿದಿದ್ದರೆ ನಾಗರಕ್ಕೆ ಹೆಡೆ ಬಿಚ್ಚಲು ಆಗುವುದಿಲ್ಲ, ಆಗ ಅದು ಕೇರೆಯ ಹಾಗೇ ಕಾಣುತ್ತದೆ. ಆಗುಂಬೆ, ತೀರ್ಥಹಳ್ಳಿ ಸೀಮೆಯಲ್ಲಿ ಕೇರೆಯ ಬೆನ್ನುಹತ್ತಿ ಕಾಳಿಂಗವೂ ಹಿತ್ತಲಿಗೆ ಬರುತ್ತದೆ. ಎರಡು ಮಾರು ದೂರ ನಿಲ್ಲಿ, ನಾಯಿ ಕಟ್ಟಿಹಾಕಿ, ಮಕ್ಕಳನ್ನು ಒಳಗೆ ಕಳಿಸಿ. ಅಲುಗಾಡದೆ ಬಿದ್ದಿದ್ದರೂ ಮುಟ್ಟಬೇಡಿ, ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಇನ್ನು ನೆರಳು. ಹಾವಿಗೆ ಮೈ ಬಿಸಿಯಾದರೆ ತಂಪಿನ ಜಾಗಕ್ಕೆ ಹರಿದು ಹೋಗುವುದೊಂದೇ ದಾರಿ. ಬಲೆಯಲ್ಲಿ ಸಿಕ್ಕಿದ್ದಕ್ಕೆ ಆ ದಾರಿಯೇ ಇಲ್ಲ. ಹಾಗಾಗಿ ಎಷ್ಟೋ ಹಾವು ಗಾಯಕ್ಕಿಂತ ಮೊದಲು ಬಿಸಿಲಿಗೇ ಸಾಯುತ್ತವೆ. ದೋಟಿಯ ತುದಿಯಿಂದ ನಾಲ್ಕು ಸೋಗೆ ತಳ್ಳಿ ಬಲೆಯ ಮೇಲೆ ಒರಗಿಸಿ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ದೂರದಿಂದಲೇ ಮೈ ಮೇಲೆ ತುಂತುರು ಬೀಳುವಂತೆ ಮಾಡಿ. ತಲೆಗೆ ರಭಸವಾಗಿ ನೀರು ಹೊಡೆಯಬೇಡಿ. ಸೀಮೆಎಣ್ಣೆಯಂತೂ ಬೇಡವೇ ಬೇಡ, ಚರ್ಮ ಸುಡುತ್ತದೆ.

ಕತ್ತರಿ ಯಾಕೆ ಬೇಡ ಅಂದರೆ, ಹಾವಿನ ಹೊಟ್ಟೆಯ ಹುರುಪೆಗಳ ಅಂಚು ಹಿಂದಕ್ಕೆ ತೆರೆದಿರುತ್ತದೆ. ಬಲೆಯ ಕಣ್ಣಿಗೆ ತಲೆ ತೂರಿಸಿದ ಹಾವು ಮೈ ದಪ್ಪಗಾದಲ್ಲಿ ಸಿಕ್ಕಿಬೀಳುತ್ತದೆ, ಹಿಂದೆ ಸರಿದರೆ ನೈಲಾನ್ ಎಳೆ ಆ ಅಂಚುಗಳ ಅಡಿಗೇ ಹೋಗಿ ಕೂರುತ್ತದೆ. ಗಾಬರಿಯಿಂದ ಮುಂದೆ ನುಗ್ಗಿ ಇನ್ನೊಂದು ಕಣ್ಣು, ಮತ್ತೊಂದು ಕಣ್ಣು ಸುತ್ತಿಕೊಳ್ಳುತ್ತದೆ. ನೀವು ಹೊರಗೆ ಕಾಣುವ ಬಲೆ ಕತ್ತರಿಸಿದಿರಿ ಎಂದರೆ ಹಾವು ಓಡಿಹೋಗುತ್ತದೆ, ಒಳಗೆ ಬಿಗಿದ ಎಳೆ ಹಾಗೇ ಇರುತ್ತದೆ. ಆಮೇಲೆ ಬಾವು ಬಂದು, ನುಂಗಲಾರದೆ, ಕೀವಾಗಿ ಎಲ್ಲೋ ದರೆಯಡಿ ಸಾಯುತ್ತದೆ. ಕಡಲಲ್ಲಿ ಬಲೆ ಸುತ್ತಿಕೊಂಡ ತಿಮಿಂಗಿಲಕ್ಕೂ ಇದೇ ನಿಯಮ: ಹಿಂದೆ ತೇಲುವ ಹಗ್ಗವನ್ನು ಯಾರೋ ಕರುಣೆಯಿಂದ ಕಡಿದರೆ, ಬಿಡಿಸಲು ಬಂದವರಿಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಫೋನಿನಲ್ಲಿ ಹೇಳಬೇಕಾದ್ದು: ಊರು, ರಸ್ತೆಯಿಂದ ತಿರುಗುವ ಗುರುತು, ಯಾವಾಗಿನಿಂದ ಸಿಕ್ಕಿದೆ, ಅಂದಾಜು ಉದ್ದ, ತಲೆ ಹೊರಗಿದೆಯೋ ಒಳಗಿದೆಯೋ, ರಕ್ತ ಕಾಣುತ್ತಿದೆಯೋ. ದೂರದಿಂದ ಜೂಮ್ ಮಾಡಿ ತಲೆಯದ್ದೊಂದು, ಪೂರ್ತಿ ಮೈಯದ್ದೊಂದು ಫೋಟೋ ಕಳಿಸಿ. ಒಬ್ಬರು ಕಾವಲಿರಿ. ಜಾಗದ ವಿವರ ಬೇರೆ ಗುಂಪಿಗೆ ಹಾಕಬೇಡಿ, ಜನ ಸೇರಿದಷ್ಟೂ ಹಾವು ಒದ್ದಾಡಿ ಎಳೆ ಇನ್ನೂ ಒಳಗೆ ಕೊರೆಯುತ್ತದೆ.

ಬಂದವರು ತಲೆಯನ್ನು ಪಾರದರ್ಶಕ ಕೊಳವೆಯೊಳಗೆ ಭದ್ರ ಮಾಡಿಕೊಂಡು, ಮೊಂಡು ತುದಿಯ ಕತ್ತರಿಯಿಂದ ಒಂದೊಂದೇ ಎಳೆ ಬಿಡಿಸುತ್ತಾರೆ. ಚರ್ಮ ಕೊಯ್ದಿದ್ದರೆ ಅಲ್ಲೇ ಬಿಡಿ ಎಂದು ಒತ್ತಾಯಿಸಬೇಡಿ, ಪಶುವೈದ್ಯರು ನೋಡಲಿ.

ಯಾರಿಗಾದರೂ ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಕೈಕಾಲು ಅಲುಗಿಸದೆ 108ರಲ್ಲಿ ಪ್ರತಿವಿಷ ಇರುವ ಆಸ್ಪತ್ರೆಗೆ, ಶಿವಮೊಗ್ಗ ಹತ್ತಿರವಿದ್ದರೆ ಮೆಗ್ಗಾನ್‌ಗೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಕಾಳಿಂಗದ ವಿಷಕ್ಕೆ ಅದನ್ನು ನಂಬಿಕೊಳ್ಳುವಂತಿಲ್ಲ.

ಹಾವು ಹೋದ ಮೇಲೆ ಆ ಬಲೆಯನ್ನು ಮತ್ತೆ ನೆಲಕ್ಕೆ ಕಟ್ಟಬೇಡಿ. ಒಂದೆರಡು ಇಂಚಿನ ಕಣ್ಣು, ಬುಡದಲ್ಲಿ ಮಡಚಿ ಬಿದ್ದ ಸಡಿಲ ಬಲೆ, ಇವೆರಡು ಸೇರಿದರೆ ಉರುಲೇ. ಬುಡಕ್ಕೆ ಒಂದೂವರೆ ಅಡಿ ಎತ್ತರ ಅಡಿಕೆ ದಬ್ಬೆ ಒತ್ತಾಗಿ ಹೊಡೆಯಿರಿ, ಕೋಳಿ ನುಸುಳುವುದಿಲ್ಲ. ಬಲೆ ಬೇಕೇಬೇಕೆಂದರೆ ಅದರ ಮೇಲಿನಿಂದ ಶುರುವಾಗಲಿ, ಜೋತುಬೀಳದಂತೆ ಬಿಗಿಯಾಗಿ ಎಳೆದು ಕಟ್ಟಿ. ಉಳಿದ ತುಂಡುಗಳನ್ನು ಕೊಟ್ಟಿಗೆ ಹಿಂದೆ ರಾಶಿ ಹಾಕದೆ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿಡಿ.