ಪ್ರತಿಕ್ರಿಯೆ: 40,000 ಬಾಡಿಗೆಯಲ್ಲಿ 27,520 ಮಾತ್ರ ಕೈಸೇರುತ್ತಿದೆ, ಏಕೆ?

ನೀವು ದುಬೈಯಲ್ಲಿ ನೆಲೆಸಿರುವುದೇ ಕಾರಣವಿರಬೇಕು. ನಿಮ್ಮ ಜಯನಗರದ ಮನೆಯ ಬಾಡಿಗೆದಾರರ ಲೆಕ್ಕ ತಪ್ಪಿಲ್ಲ. ಅನಿವಾಸಿ ಮಾಲೀಕರ ಬಾಡಿಗೆಯಲ್ಲಿ, ಮೊತ್ತ ಎಷ್ಟೇ ಇರಲಿ, ಬಾಡಿಗೆದಾರರೇ ಮೂಲದಲ್ಲೇ ಸಾಮಾನ್ಯವಾಗಿ 31.2% ತೆರಿಗೆ ಮುರಿದುಕೊಳ್ಳಬೇಕು. ಮುರಿದದ್ದನ್ನು ಸರ್ಕಾರಕ್ಕೆ ಕಟ್ಟಿದ್ದಾರೆಯೇ ಎಂಬುದು ಬೇರೆ ಮಾತು. ನನ್ನ ಬಾಡಿಗೆದಾರರ ಬಳಿ, ಹೀಗೆ ತೆರಿಗೆ ಮುರಿದು ಕಟ್ಟಲು ಬೇಕಾದ ಟ್ಯಾನ್ ಸಂಖ್ಯೆಯೇ ಇರಲಿಲ್ಲ. ಎಂಟು ತಿಂಗಳ ದುಡ್ಡು ಅವರ ಖಾತೆಯಲ್ಲೇ ತಣ್ಣಗೆ ಕುಳಿತಿತ್ತು.

ಮೊದಲು ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ನೋಡಿ. ಆಗಿರದಿದ್ದರೆ ಟ್ಯಾನ್ ಮಾಡಿಸಿ ಕಟ್ಟಲು ಹೇಳಿ, ಕಡಿತದ ಪ್ರಮಾಣಪತ್ರ ಕೇಳಿ ಪಡೆಯಿರಿ. ಬಳಿಕ ಕಡಿಮೆ ದರದ ಕಡಿತಕ್ಕೆ ನೀವೇ ಇಲಾಖೆಗೆ ಅರ್ಜಿ ಹಾಕಿ. ಅದು ಮುಂದಿನ ಬಾಡಿಗೆಗಷ್ಟೇ ಅನ್ವಯ. ಈಗಾಗಲೇ ಕಡಿತವಾದ ಹಣಕ್ಕೆ ರಿಟರ್ನ್ಸ್ ಸಲ್ಲಿಸಿ: ಬಾಡಿಗೆಯಲ್ಲಿ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ 30% ವಿನಾಯಿತಿ ಇದೆ. ಎಷ್ಟು ವಾಪಸು ಬಂದೀತು ಎಂಬುದು ಭಾರತದಲ್ಲಿನ ನಿಮ್ಮ ಇತರ ಆದಾಯವನ್ನು ಅವಲಂಬಿಸಿದೆ. ಅದನ್ನು ನೀವು ಬರೆದಿಲ್ಲ.