‘ಅಲಾರಂ ವೆಂಟ್ ಆಫ್’ ಅಂದರೆ ಹೊಡೆಯಿತು ಅಂತಲೋ, ನಿಂತಿತು ಅಂತಲೋ?

‘ಲೈಟ್ಸ್ ವೆಂಟ್ ಆಫ್’ ಅಂದರೆ ದೀಪ ಆರಿತು. ಹಾಗಾದರೆ ‘ಅಲಾರಂ ವೆಂಟ್ ಆಫ್’ ಅಂದರೆ ಅಲಾರಂ ನಿಂತಿತು ಅಂತ ತಾನೇ, ಎಂದು ಕೇಳಿದ್ದೀರಿ. ಅಲ್ಲ, ಹೊಡೆಯಿತು ಅಂತ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಿನ ಮಹಡಿಯಿಂದ ಒಬ್ಬರು ಫೋನ್ ಮಾಡಿ, ‘ಫೈರ್ ಅಲಾರಂ ಹ್ಯಾಸ್ ಗಾನ್ ಆಫ್’ ಅಂದರು. ಸದ್ಯ ನಿಂತಿತಲ್ಲ ಅಂದುಕೊಂಡು ಕೂತೇ ಇದ್ದೆ. ಪಕ್ಕದವರು ಎಬ್ಬಿಸಿ ಕರೆದುಕೊಂಡು ಹೋದರು. ಬೆಂಕಿ ಇರಲಿಲ್ಲ, ಆದರೆ ಇದ್ದಿದ್ದರೆ? ಅದಕ್ಕೇ ನಿಮ್ಮ ಪ್ರಶ್ನೆ ಸಣ್ಣದು ಅಂತ ನನಗೆ ಅನ್ನಿಸುವುದಿಲ್ಲ.

ನಮಗೆ ತೊಡಕಾಗುವುದು ಸ್ವಿಚ್ಚಿನಿಂದ. ‘ಆಫ್ ಮಾಡು’ ಅಂದರೆ ನಿಲ್ಲಿಸು, ಕನ್ನಡಕ್ಕೆ ಬಂದದ್ದು ಅಷ್ಟೇ. ಇಂಗ್ಲಿಷಿನ ಆಫ್ ಸ್ವಿಚ್ಚಿಗಿಂತ ಎಷ್ಟೋ ಹಳೆಯದು. ‘ಬ್ಯಾಂಕ್ ಆಫ್ ಇಂಡಿಯಾ’ದಲ್ಲಿ ಒಂದೇ ಎಫ್ ಇರುವ ಆಫ್ ಇದೆಯಲ್ಲ, ಎರಡೂ ಮೊದಲು ಒಂದೇ ಪದ. ಪೂರ್ತಿ ಬೇರೆಯಾದದ್ದು 17ನೇ ಶತಮಾನದ ಹೊತ್ತಿಗೆ. ಹಳೆಯ ಅರ್ಥ ‘ಬಿಟ್ಟು ಆಚೆಗೆ’ ಅಂತ.

ಕೀ ಕೊಡುವ ಅಲಾರಂ ಗಡಿಯಾರ ನೆನೆಸಿಕೊಳ್ಳಿ. ಸ್ಪ್ರಿಂಗ್ ಬಿಗಿದು ಕೂತಿರುತ್ತದೆ. ಹೊತ್ತಾದ ಕೂಡಲೇ ತಡೆ ಬಿಟ್ಟುಕೊಂಡು ಗಂಟೆ ಬಡಿಯುತ್ತದೆ. ಕೋವಿಯಿಂದ ಗುಂಡು ಹಾರಿದರೂ, ಬಾಂಬ್ ಸಿಡಿದರೂ ‘ವೆಂಟ್ ಆಫ್’ ಅನ್ನುವುದು ಹೀಗೇ. ತಡೆದಿಟ್ಟದ್ದು ಬಿಟ್ಟುಕೊಂಡಿತು ಅಂತ ನಾನು ನೆನಪಿಟ್ಟುಕೊಂಡಿದ್ದೇನೆ. ‘ದಿ ಅಲಾರಂ ವೆಂಟ್ ಆಫ್, ಸೋ ಐ ಟರ್ನ್ಡ್ ಇಟ್ ಆಫ್’ ಅನ್ನುವ ವಾಕ್ಯ ಬಾಯಿಪಾಠ ಮಾಡಿ: ಹೊಡೆಯಿತು, ನಿಲ್ಲಿಸಿದೆ.

ಇನ್ನೂ ಇವೆ. ಬ್ರಿಟನ್ನಿನಲ್ಲಿ ‘ಮಿಲ್ಕ್ ಹ್ಯಾಸ್ ಗಾನ್ ಆಫ್’ ಅಂದರೆ ಹಾಲು ಕೆಟ್ಟಿದೆ. ಅಮೆರಿಕದವರು ಜಾಸ್ತಿ ‘ಗಾನ್ ಬ್ಯಾಡ್’ ಅನ್ನುತ್ತಾರೆ. ‘ಐ ಹ್ಯಾವ್ ಗಾನ್ ಆಫ್ ಕಾಫಿ’ ಅಂದರೆ ಮೊದಲು ಕಾಫಿ ಇಷ್ಟವಿತ್ತು, ಈಗ ಬೇಡವಾಗಿದೆ. ‘ವೆಂಟ್ ಆಫ್ ವೆಲ್’ ಅಂದರೆ ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಸುಮ್ನೆ ಪಟ್ಟಿ ಉರು ಹೊಡೆಯಬೇಡಿ. ಹೋದದ್ದು ಯಾವುದು, ಹಾಲೋ ದೀಪವೋ ಗಂಟೆಯೋ, ಅಂತ ಮೊದಲು ನೋಡಿ.

ನಮ್ಮ ‘ಹೋಗು’ ಕೂಡ ಹೀಗೇ ಅಲ್ವಾ? ‘ಮಗು ನಿದ್ದೆ ಹೋಯಿತು’ ಅಂದರೆ ಮಲಗಿತು. ‘ಮಗುವಿನ ನಿದ್ದೆ ಹೋಯಿತು’ ಅಂದರೆ ಎಚ್ಚರವಾಯಿತು. ನಮಗೆ ಒಂದು ಸಲವೂ ಗೊಂದಲವಾಗುವುದಿಲ್ಲ. ಅಂದ ಹಾಗೆ, ಮಗು ನಿದ್ದೆ ಹೋದಾಗ ಬ್ರಿಟನ್ನಿನ ತಾಯಂದಿರೂ ‘ಶಿ ಹ್ಯಾಸ್ ಗಾನ್ ಆಫ್’ ಅನ್ನುತ್ತಾರೆ.